ಲಂಡನ್ನಿನ ‘ಲಾಸ್ಟ್ ನೈಟ್’, ನಮ್ಮೂರಿನ ‘ನಿನ್ನೆ ರಾತ್ರಿ’

1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಕಾವೇರಿ ದಾಟಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿತು. ಅದೇ ದಿನ ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದ. ಈ ಸುದ್ದಿ ಲಂಡನ್ ಮುಟ್ಟುವಾಗ ಸೆಪ್ಟೆಂಬರ್ ಬಂದಿತ್ತು. ಆಗಿನ್ನೂ ತಂತಿ ಇರಲಿಲ್ಲ, ಸೂಯೆಜ್ ಕಾಲುವೆಯೂ ಇರಲಿಲ್ಲ. ಹಡಗುಗಳು ಆಫ್ರಿಕಾ ಖಂಡವನ್ನೇ ಬಳಸಿಕೊಂಡು ಹೋಗಬೇಕಿತ್ತು. ನಾಲ್ಕು ತಿಂಗಳು ಹಳೆಯದಾದ ಸುದ್ದಿ ಲಂಡನ್ನಿನವರಿಗೆ ಬಿಸಿಬಿಸಿಯಾಗಿತ್ತು.

ಈಗ ಒಂದು ಪ್ರಶ್ನೆ. ಶ್ರೀರಂಗಪಟ್ಟಣದ ದಂಡಿನಲ್ಲಿ ಕೂತ ಒಬ್ಬ ಅಧಿಕಾರಿ ಮೇ 5ರಂದು ತನ್ನ ಮನೆಗೆ ಕಾಗದ ಬರೆಯುತ್ತಾನೆ ಅಂದುಕೊಳ್ಳಿ. ‘ನಿನ್ನೆ ಕೋಟೆ ಬಿತ್ತು’ ಎಂದಷ್ಟೇ ಬರೆದು ಕಳಿಸಿದರೆ, ಸೆಪ್ಟೆಂಬರಿನಲ್ಲಿ ಅದನ್ನು ಬಿಚ್ಚಿ ಓದುವವರಿಗೆ ಆ ‘ನಿನ್ನೆ’ ಯಾವ ದಿನ?

ಇಂಗ್ಲಿಷಿನಲ್ಲಿ ಈಚಿನ ಸಂಗತಿಗಳನ್ನು ಹೇಳುವ ಮಾತುಗಳ ಚರಿತ್ರೆ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ. ಯೆಸ್ಟರ್‌ಡೇ, ಲಾಸ್ಟ್ ನೈಟ್, ಟೂ ಡೇಸ್ ಅಗೋ, ಸಿನ್ಸ್ ಮಂಡೇ ಇವೆಲ್ಲ ಈಗ ನಮ್ಮ ಫೋನಿನಲ್ಲೂ ಓಡಾಡುತ್ತಿವೆ. ಬ್ಯಾಂಕಿಗೆ ಇಮೇಲ್, ವಿದ್ಯುತ್ ಕಂಪನಿಯ ಆ್ಯಪಿನಲ್ಲಿ ದೂರು, ವಿಮೆಯವರಿಗೆ ಮೆಸೇಜು, ಮಗಳ ಕಾಲೇಜಿಗೆ ರಜೆ ಪತ್ರ, ಎಲ್ಲ ಕಡೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಬೇಕಾಗುತ್ತದೆ. ಆ ಎರಡು ಸಾಲಿನಲ್ಲಿ ಒಂದು ಸಾಲು ಯಾವಾಗ ಏನಾಯಿತು ಎಂಬುದೇ. ‘ಯೆಸ್ಟರ್‌ಡೇ ನೈಟ್ ಅನ್ನಬಾರದು’, ‘ಸಿನ್ಸ್ ಟೂ ಮಂತ್ಸ್ ತಪ್ಪು’ ಎಂದು ಮೇಷ್ಟ್ರು ಹೇಳಿರುತ್ತಾರೆ. ಯಾಕೆ ತಪ್ಪು ಅಂತ ಕೇಳಿದರೆ ‘ಗ್ರಾಮರ್ ಹಾಗೇ ಇದೆ’ ಎನ್ನುತ್ತಾರೆ. ಆ ಗ್ರಾಮರಿಗೂ ಒಂದು ಹಿಂದಿನ ಕಥೆ ಇದೆ. ಅದು ಗೊತ್ತಾದರೆ ಬಾಯಿಪಾಠ ಮಾಡುವ ಕೆಲಸ ಕಡಿಮೆಯಾಗುತ್ತದೆ.

ದಂಡಿನ ಅಧಿಕಾರಿಯ ವಿಷಯಕ್ಕೆ ಬರೋಣ. ಅವನ ಕಾಲದ ಕಾಗದಗಳಲ್ಲಿ ತಲೆಯ ಮೇಲೆಯೇ ಊರು ಮತ್ತು ತಾರೀಖು ಇರುತ್ತಿತ್ತು. ಒಳಗೆ ‘4ನೇ ಇನ್‌ಸ್ಟಂಟ್’, ‘28ನೇ ಅಲ್ಟಿಮೊ’ ಎಂದು ಬರೆಯುತ್ತಿದ್ದರು. ಇನ್‌ಸ್ಟಂಟ್ ಅಂದರೆ ನಡೆಯುತ್ತಿರುವ ಈ ತಿಂಗಳು. ಅಲ್ಟಿಮೊ ಅಂದರೆ ಹೋದ ತಿಂಗಳು. ಬರುವ ತಿಂಗಳಿಗೆ ಪ್ರಾಕ್ಸಿಮೊ. ಮೂರೂ ಲ್ಯಾಟಿನ್ನಿನಿಂದ ಬಂದವು. ಈಗ ಇನ್‌ಸ್ಟಂಟ್ ಎಂದರೆ ನಮಗೆ ನೆನಪಾಗುವುದು ಕಾಫಿಪುಡಿ. ಆದರೆ ಹಳೆಯ ಕಚೇರಿ ಕಡತಗಳನ್ನು ತಿರುವಿದರೆ ‘ಇನ್‌ಸ್ಟ್.’, ‘ಅಲ್ಟ್.’ ಎಂಬ ತುಂಡು ಪದಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ‘ತಮ್ಮ 12ನೇ ಇನ್‌ಸ್ಟ್. ಪತ್ರಕ್ಕೆ ಉತ್ತರವಾಗಿ’ ಎಂದು ಶುರು ಮಾಡುವುದು ಗುಮಾಸ್ತರ ಕೈಗೆ ಕೂತುಬಿಟ್ಟಿತ್ತು.

ಇದರಲ್ಲಿ ಒಂದು ಜಾಣತನವಿದೆ. ಕಾಗದ ಯಾವಾಗ ಬೇಕಾದರೂ ಮುಟ್ಟಲಿ, ಲೆಕ್ಕ ಮಾತ್ರ ಬರೆದವನ ತಾರೀಖಿನಿಂದಲೇ. ಜನವರಿ 30ರಂದು ಬರೆದ ಪತ್ರ ಫೆಬ್ರವರಿ 3ಕ್ಕೆ ಬಂದರೂ ಅದರೊಳಗಿನ ಇನ್‌ಸ್ಟಂಟ್ ಜನವರಿಯೇ. ತಲೆಯ ಮೇಲಿನ ತಾರೀಖು ಹರಿದುಹೋದರೆ ಮಾತ್ರ ಇಡೀ ಪತ್ರ ದಿಕ್ಕು ತಪ್ಪುತ್ತದೆ.

ಪತ್ರಿಕೆಗಳೂ ಇದೇ ದಾರಿ ಹಿಡಿದವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಅದನ್ನು ಕಲ್ಲಚ್ಚಿನಲ್ಲಿ ಛಾಪಿಸುತ್ತಿದ್ದರು. ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಅದು ಪಾಕ್ಷಿಕ, ತಿಂಗಳಿಗೆ ಎರಡೇ ಸಲ ಬರುತ್ತಿತ್ತು. ಅಂಥ ಪತ್ರಿಕೆಯಲ್ಲಿ ‘ನಿನ್ನೆ’ ಎಂಬ ಪದಕ್ಕೆ ಹೆಚ್ಚು ಕೆಲಸವಿಲ್ಲ. ‘ನಿನ್ನೆ’ ಸುದ್ದಿಮನೆಗೆ ಬಂದದ್ದು ತಂತಿಯ ಜೊತೆ. 1855ರಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ತೆರೆಯಿತು. 1866ರಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ಬೊಂಬಾಯಿಗೆ ಬಂತು. 1870ರಲ್ಲಿ ಸಮುದ್ರದಡಿಯ ತಂತಿ ಬೊಂಬಾಯಿಯನ್ನು ಇಂಗ್ಲೆಂಡಿಗೆ ಜೋಡಿಸಿತು. ತಿಂಗಳುಗಟ್ಟಲೆ ನಡೆಯುತ್ತಿದ್ದ ಸುದ್ದಿ ಗಂಟೆಗಳಲ್ಲಿ ಬರತೊಡಗಿತು.

ಹಳೆಯ ಕನ್ನಡ ದಿನಪತ್ರಿಕೆಗಳ ಒಂದು ಪದ್ಧತಿ ನೋಡಿ. ಸುದ್ದಿಯ ಮೊದಲಿಗೆ ‘ಬೆಂಗಳೂರು, ಜುಲೈ 3’ ಎಂದು ಹಾಕಿ, ಒಳಗೆ ‘ಇಂದು ಇಲ್ಲಿ ಸಭೆ ನಡೆಯಿತು’ ಎಂದು ಬರೆಯುತ್ತಿದ್ದರು. ಪೇಪರು ಓದುಗರ ಕೈಗೆ ಬರುವುದು ಜುಲೈ 4ಕ್ಕೆ. ಆದರೂ ಯಾರಿಗೂ ಗೊಂದಲವಿಲ್ಲ. ಆ ‘ಇಂದು’ ಮೇಲಿನ ತಾರೀಖಿನ ಗೂಟಕ್ಕೆ ಕಟ್ಟಿದ ಹಸು, ಅದು ಓದುಗರ ದಿನಕ್ಕೆ ಹೋಗುವುದಿಲ್ಲ. ಪ್ರಜಾವಾಣಿಯಲ್ಲಿ ಐವತ್ತು ವರ್ಷದ ಹಿಂದಿನ ಸುದ್ದಿಯನ್ನು ಮರುಮುದ್ರಿಸುವ ಅಂಕಣ ನೋಡಿದವರಿಗೆ ಈ ಶೈಲಿ ಪರಿಚಯವಿದೆ.

ಇನ್ನು ರಾತ್ರಿಯ ಕಥೆ. ರೋಮಿನ ಚರಿತ್ರೆಕಾರ ಟ್ಯಾಸಿಟಸ್ ಸುಮಾರು ಕ್ರಿ.ಶ. 98ರಲ್ಲಿ ಜರ್ಮನ್ ಬುಡಕಟ್ಟುಗಳ ಬಗ್ಗೆ ಒಂದು ಪುಸ್ತಕ ಬರೆದ. ಈ ಜನ ನಮ್ಮ ಹಾಗೆ ಹಗಲು ಎಣಿಸುವುದಿಲ್ಲ, ರಾತ್ರಿ ಎಣಿಸುತ್ತಾರೆ ಎಂದು ಅವನಿಗೆ ಸೋಜಿಗ. ಇಂಗ್ಲಿಷ್ ಹುಟ್ಟಿದ್ದು ಅದೇ ಬುಡಕಟ್ಟುಗಳ ಭಾಷಾ ಬಳಗದಲ್ಲಿ. ಆ ಎಣಿಕೆಯ ಗುರುತು ‘ಫೋರ್ಟ್‌ನೈಟ್’ ಪದದಲ್ಲಿ ಈಗಲೂ ಇದೆ. ಅದರ ಮೂಲ ಅರ್ಥ ಹದಿನಾಲ್ಕು ರಾತ್ರಿ. ವಾರಕ್ಕೂ ‘ಸೆನ್ನೈಟ್’, ಅಂದರೆ ಏಳು ರಾತ್ರಿ ಎಂಬ ಪದವಿತ್ತು. ಅದು ಬಳಕೆ ತಪ್ಪಿಹೋಯಿತು.

ನಮ್ಮ ಹಳ್ಳಿಯ ಲೆಕ್ಕ ಬೇರೆ. ನಾವು ‘ಎಂಟು ದಿನ ಬಿಟ್ಟು ಬಾ’ ಎನ್ನುತ್ತೇವೆ. ಹಾಗೆಂದರೆ ಮುಂದಿನ ವಾರ ಇದೇ ದಿನ. ಈ ಸಂತೆಯಿಂದ ಆ ಸಂತೆಗೆ ಎಂಟು ದಿನ. ಎರಡು ವಾರಕ್ಕೆ ‘ಹದಿನೈದು ದಿನ’. ಮೊದಲ ದಿನವನ್ನೂ ಕೊನೆಯ ದಿನವನ್ನೂ ಸೇರಿಸಿ ಎಣಿಸುವುದು ನಮ್ಮ ಪದ್ಧತಿ. ಸತ್ತ ಮೂರನೇ ದಿನದ ಕಾರ್ಯವೂ, ಮಗುವಿನ ಹನ್ನೊಂದನೇ ದಿನವೂ ಹೀಗೇ ಎಣಿಕೆ. ನಮ್ಮದೊಂದೇ ವಿಚಿತ್ರ ಅಂದುಕೊಳ್ಳಬೇಡಿ. ಫ್ರಾನ್ಸಿನ ಜನ ಇಂದಿಗೂ ವಾರಕ್ಕೆ ‘ಎಂಟು ದಿನ’, ಎರಡು ವಾರಕ್ಕೆ ‘ಹದಿನೈದು ದಿನ’ ಎನ್ನುತ್ತಾರೆ. ಹಳೆಯ ರೋಮನ್ನರು ಎಂಟು ದಿನಕ್ಕೊಮ್ಮೆ ಬರುವ ಸಂತೆಗೆ ಒಂಬತ್ತರ ಲೆಕ್ಕದ ಹೆಸರಿಟ್ಟಿದ್ದರು. ಇಂಗ್ಲಿಷಿನವರು ನಡುವಿನ ರಾತ್ರಿಗಳನ್ನು ಎಣಿಸಿದರು, ಹಾಗಾಗಿ ಒಂದು ಕಡಿಮೆ.

ಈ ಒಂದು ದಿನದ ವ್ಯತ್ಯಾಸವೇ ಅರ್ಜಿಯಲ್ಲಿ ತೊಂದರೆ ಕೊಡುವುದು. ಇವತ್ತು ಸೋಮವಾರ. ಹೋದ ಸೋಮವಾರ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ‘ಎಂಟು ದಿನದ ಹಿಂದೆ’ ಎಂದು ಮನಸ್ಸಿನಲ್ಲಿ ಅಂದುಕೊಂಡು ‘ಎಯ್ಟ್ ಡೇಸ್ ಅಗೋ’ ಎಂದು ಬರೆದರೆ ಇಂಗ್ಲಿಷಿನಲ್ಲಿ ಅದು ಭಾನುವಾರವಾಗುತ್ತದೆ. ‘ಎ ವೀಕ್ ಅಗೋ’ ಎನ್ನಬೇಕು. ‘ಹದಿನೈದು ದಿನದ ಹಿಂದೆ’ ಎಂಬುದಕ್ಕೆ ‘ಟೂ ವೀಕ್ಸ್ ಅಗೋ’ ಅಥವಾ ‘ಎ ಫೋರ್ಟ್‌ನೈಟ್ ಅಗೋ’.

ಫೋರ್ಟ್‌ನೈಟ್ ಬರೀ ಕಥೆಪುಸ್ತಕದ ಪದವಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ, ಕೂಲಿಯನ್ನು ವಾರಕ್ಕೊಮ್ಮೆ, ತಡವಾದರೂ ಕೆಲಸ ಮಾಡಿದ ದಿನದಿಂದ ಒಂದು ಫೋರ್ಟ್‌ನೈಟ್ ಮೀರದಂತೆ ಕೊಡಬೇಕು ಎಂದು ಬರೆದಿದ್ದರು. ಟ್ಯಾಸಿಟಸ್ ಕಂಡ ಕಾಡಿನ ಜನರ ರಾತ್ರಿ ಲೆಕ್ಕ ನಮ್ಮ ಕೆರೆ ಹೂಳೆತ್ತುವ ಕೂಲಿಯವರೆಗೆ ಬಂದಿತ್ತು!

ಕಾನೂನಿನಲ್ಲಿ ಎಣಿಕೆಗೆ ಇನ್ನೊಂದು ನಿಯಮವೂ ಇದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಕಾಯ್ದೆಯಲ್ಲಿ ‘ಫ್ರಮ್’ ಎಂದು ಬಂದರೆ ಮೊದಲ ದಿನವನ್ನು ಬಿಟ್ಟು ಎಣಿಸಬೇಕು. ಮಾರ್ಚ್ 3ರಂದು ನಿಮ್ಮ ಕೈಗೆ ಒಂದು ಆದೇಶ ಬಂತು, ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬೇಕು ಅನ್ನಿ. ಎಣಿಕೆ ಮಾರ್ಚ್ 4ರಿಂದ, ಕೊನೆಯ ದಿನ ಏಪ್ರಿಲ್ 2. ನಮ್ಮ ಸಂತೆ ಲೆಕ್ಕದಲ್ಲಿ ಏಪ್ರಿಲ್ 1ಕ್ಕೇ ಮುಗಿಯುತ್ತಿತ್ತು. ಇಲ್ಲಿ ಇಂಗ್ಲಿಷ್ ಲೆಕ್ಕದಿಂದ ನಮಗೆ ಒಂದು ದಿನ ಲಾಭ.

ದಿನಗಳೇ ಮಾಯವಾದ ಪ್ರಸಂಗವೂ ಒಂದಿದೆ. 1752ರಲ್ಲಿ ಬ್ರಿಟನ್ ತನ್ನ ಪಂಚಾಂಗ ಬದಲಿಸಿತು. ಸೆಪ್ಟೆಂಬರ್ 2, ಬುಧವಾರ ಮಲಗಿದವರು ಎದ್ದಾಗ ಸೆಪ್ಟೆಂಬರ್ 14, ಗುರುವಾರ! ಆ ವರ್ಷ ಸೆಪ್ಟೆಂಬರ್ 20ರಂದು ಯಾರಾದರೂ ‘ಎ ಫೋರ್ಟ್‌ನೈಟ್ ಅಗೋ’ ಎಂದಿದ್ದರೆ ತಾರೀಖು ಕಳೆದು ನೋಡಿದವನಿಗೆ ಸೆಪ್ಟೆಂಬರ್ 6 ಸಿಗುತ್ತಿತ್ತು. ಆ ತಾರೀಖು ಅಲ್ಲಿ ಬಂದೇ ಇರಲಿಲ್ಲ. ನಿಜವಾಗಿ ಹದಿನಾಲ್ಕು ರಾತ್ರಿ ಹಿಂದಕ್ಕೆ ಹೋದರೆ ಆಗಸ್ಟ್ 26. ಸಾಲ, ಬಾಡಿಗೆಯ ವಾಯಿದೆಗಳು ನಿಜವಾಗಿ ಕಳೆದ ದಿನಗಳ ಲೆಕ್ಕದಲ್ಲೇ ನಡೆಯಬೇಕೆಂದು ಕಾಯ್ದೆಯಲ್ಲೇ ಬರೆದಿಟ್ಟಿದ್ದರು. ಇಲ್ಲದಿದ್ದರೆ ಸಾಲ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಬೀಳುತ್ತಿತ್ತು.

‘ಲಾಸ್ಟ್ ನೈಟ್’ಗೆ ಬರೋಣ. ನಿನ್ನೆ ಬೆಳಿಗ್ಗೆಗೆ ಯೆಸ್ಟರ್‌ಡೇ ಮಾರ್ನಿಂಗ್, ನಿನ್ನೆ ಸಂಜೆಗೆ ಯೆಸ್ಟರ್‌ಡೇ ಈವ್ನಿಂಗ್, ಆದರೆ ನಿನ್ನೆ ರಾತ್ರಿಗೆ ಮಾತ್ರ ಲಾಸ್ಟ್ ನೈಟ್. ಇದೇನು ಪಕ್ಷಪಾತ? ಹಿಂದೆ ಇಂಗ್ಲಿಷಿನಲ್ಲಿ ‘ಯೆಸ್ಟರ್‌ನೈಟ್’ ಎಂಬ ಪದವೇ ಇತ್ತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಅದು ಸಿಗುತ್ತದೆ. ಕಾಲಕ್ರಮದಲ್ಲಿ ಅದು ಸವೆದುಹೋಯಿತು, ಲಾಸ್ಟ್ ನೈಟ್ ಉಳಿಯಿತು. ಹಾಗಾಗಿ ‘ಯೆಸ್ಟರ್‌ಡೇ ನೈಟ್’ ಎಂದು ಬರೆದವರನ್ನು ನೋಡಿ ನಗುವವರ ಬಗ್ಗೆ ನಮಗೆ ಅಷ್ಟು ಗೌರವವಿಲ್ಲ. ಆದರೂ ಬರೆಯುವಾಗ ಲಾಸ್ಟ್ ನೈಟ್ ಎಂದೇ ಬರೆಯಿರಿ, ಓದುವವರಿಗೆ ಒಗ್ಗಿರುವುದು ಅದು. ಅದೇ ರೀತಿ ಇವತ್ತು ಬೆಳಿಗ್ಗೆಗೆ ‘ಟುಡೇ ಮಾರ್ನಿಂಗ್’ ಅಲ್ಲ, ‘ದಿಸ್ ಮಾರ್ನಿಂಗ್’.

ಪದಕ್ಕಿಂತ ದೊಡ್ಡ ತೊಡಕು ನಡುರಾತ್ರಿಯದು. ನಮ್ಮ ಹಿರಿಯರಿಗೆ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಕಚೇರಿಯ ಗಡಿಯಾರಕ್ಕೆ ರಾತ್ರಿ ಹನ್ನೆರಡಕ್ಕೆ. ಮಂಗಳವಾರ ರಾತ್ರಿ ಮಲಗಿದ್ದಾಗ ಎರಡು ಗಂಟೆಗೆ ಕೊಟ್ಟಿಗೆಯಿಂದ ದನ ಕದ್ದರು. ಬುಧವಾರ ಬೆಳಿಗ್ಗೆ ಠಾಣೆಗೆ ಹೋಗಿ ‘ನಿನ್ನೆ ರಾತ್ರಿ’ ಎನ್ನುತ್ತೇವೆ. ಮಾತಿನಲ್ಲಿ ತಪ್ಪಿಲ್ಲ, ಇಂಗ್ಲಿಷಿನಲ್ಲೂ ಅದು ಲಾಸ್ಟ್ ನೈಟೇ. ಆದರೆ ತಾರೀಖು ಬುಧವಾರದ್ದು. ದೂರಿನಲ್ಲಿ ಮಂಗಳವಾರದ ತಾರೀಖು ಹಾಕಿ ‘ರಾತ್ರಿ 2 ಗಂಟೆ’ ಎಂದು ಬರೆದರೆ ಒಂದು ಇಡೀ ದಿನ ಹಿಂದಕ್ಕೆ ಹೋಯಿತು. ಮುಂದೆ ಎದುರುಪಾರ್ಟಿ ವಕೀಲರು ಹಿಡಿದುಕೊಳ್ಳುವುದು ಇಂಥದ್ದನ್ನೇ. ರೈಲಿನ ಟಿಕೆಟ್ಟಿನಲ್ಲೂ ಹೀಗೆಯೇ. 15ನೇ ತಾರೀಖು 00:20 ಎಂದಿದ್ದರೆ 14ರ ರಾತ್ರಿ ಊಟ ಮಾಡಿ ಸ್ಟೇಷನ್ನಿಗೆ ಹೊರಡಬೇಕು. 15ರ ರಾತ್ರಿ ಹೋದವರಿಗೆ ರೈಲು ಸಿಗುವುದಿಲ್ಲ.

ಸ್ವಾತಂತ್ರ್ಯ ಬಂದ ಗಳಿಗೆಯನ್ನೇ ನೋಡಿ. 1947ರ ಆಗಸ್ಟ್ 14 ಮುಗಿದು 15 ಹುಟ್ಟುವ ನಡುರಾತ್ರಿ ದೆಹಲಿಯಲ್ಲಿ ಅಧಿಕಾರ ಕೈ ಬದಲಾಯಿತು. ಆ ಗಳಿಗೆಗೆ ಲಂಡನ್ನಿನಲ್ಲಿ ಇನ್ನೂ 14ರ ಸಂಜೆ ಏಳೂವರೆ. ಮಾರನೇ ಬೆಳಿಗ್ಗೆ ಲಂಡನ್ನಿನ ಒಬ್ಬ ಮನುಷ್ಯ ‘ಇಂಡಿಯಾ ಲಾಸ್ಟ್ ಈವ್ನಿಂಗ್ ಸ್ವತಂತ್ರವಾಯಿತು’ ಎಂದರೂ ಸರಿ, ದೆಹಲಿಯ ಒಬ್ಬ ‘ಇವತ್ತು ಸ್ವತಂತ್ರವಾಯಿತು’ ಎಂದರೂ ಸರಿ. ಜಗಳ ತೀರಿಸುವುದು ತಾರೀಖು ಮತ್ತು ಊರಿನ ಹೆಸರು ಮಾತ್ರ.

‘ಅಗೋ’ ಪದದ ಚರಿತ್ರೆ ಚಿಕ್ಕದು, ಚೊಕ್ಕದು. ಅದರ ಹಳೆಯ ರೂಪ ‘ಅಗಾನ್’, ಅಂದರೆ ಸರಿದು ಹೋದ. 1611ರ ಇಂಗ್ಲಿಷ್ ಬೈಬಲ್ಲಿನಲ್ಲೂ ಆ ರೂಪವಿದೆ. ಥ್ರೀ ಡೇಸ್ ಅಗೋ ಎಂದರೆ ಮೂರು ದಿನ ಸರಿದು ಹೋಗಿವೆ ಎಂದು. ನಾವು ‘ಮೂರು ದಿನ ಆಯ್ತು’ ಎನ್ನುವ ಹಾಗೆಯೇ. ಅದು ಯಾವಾಗಲೂ ಮಾತಾಡುತ್ತಿರುವ ಈ ಗಳಿಗೆಯಿಂದ ಹಿಂದಕ್ಕೆ ಎಣಿಸುತ್ತದೆ. ‘ಬಿಫೋರ್’ ಹಾಗಲ್ಲ, ಅದಕ್ಕೆ ಇನ್ನೊಂದು ಘಟನೆ ಬೇಕು: ಮದುವೆಗೆ ಮೂರು ದಿನ ಮೊದಲು, ಮಳೆಗೆ ಮುಂಚೆ. ‘ಬಿಫೋರ್ ಥ್ರೀ ಡೇಸ್’ ಎಂದು ಬರೆದರೆ ಓದುವವರು ‘ಮೂರು ದಿನದ ಒಳಗೆ’ ಎಂದು ತಿಳಿದರೂ ತಿಳಿಯಬಹುದು. ‘ಥ್ರೀ ಡೇಸ್ ಬ್ಯಾಕ್’ ನಮ್ಮ ‘ಹಿಂದೆ’ ಪದದ ನೆರಳು. ಅರ್ಥವಾಗುತ್ತದೆ, ಮಾತಿಗೆ ನಡೆಯುತ್ತದೆ, ಅರ್ಜಿಗೆ ಅಗೋ ಒಳ್ಳೆಯದು.

‘ಇಂದ’ ಎನ್ನುವ ನಮ್ಮ ಪ್ರತ್ಯಯ ಎರಡು ಕೆಲಸ ಮಾಡುತ್ತದೆ. ‘ಸೋಮವಾರದಿಂದ ನೀರಿಲ್ಲ’, ‘ಎರಡು ತಿಂಗಳಿಂದ ಪಿಂಚಣಿ ಬಂದಿಲ್ಲ’. ಮೊದಲನೆಯದು ಶುರುವಾದ ಜಾಗ ತೋರಿಸುತ್ತದೆ, ಎರಡನೆಯದು ಉದ್ದ ಅಳೆಯುತ್ತದೆ. ಜರ್ಮನ್ ಭಾಷೆಯಲ್ಲೂ ಎರಡಕ್ಕೂ ಒಂದೇ ಪದ. ಇಂಗ್ಲಿಷಿನಲ್ಲಿ ಮಾತ್ರ ಸಿನ್ಸ್ ಮತ್ತು ಫಾರ್ ಬೇರೆ ಬೇರೆ. ಶುರುವಾದ ಜಾಗಕ್ಕೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಜೂನ್. ಉದ್ದಕ್ಕೆ ಫಾರ್: ಫಾರ್ ಟೂ ಮಂತ್ಸ್. ಪಿಂಚಣಿ ಅರ್ಜಿಯಲ್ಲಿ ಸಿನ್ಸ್ ಹಾಕಿ ತಿಂಗಳ ಹೆಸರು ಬರೆಯುವುದೇ ಮೇಲು. ಅರ್ಜಿ ಮೂರು ತಿಂಗಳು ಟೇಬಲ್ಲಿನ ಮೇಲೆ ಕೂತರೆ ‘ಎರಡು ತಿಂಗಳಿಂದ’ ಎಂಬುದು ಸುಳ್ಳಾಗುತ್ತದೆ. ‘ಜೂನ್‌ನಿಂದ’ ಎಂಬುದು ನಿಜವಾಗಿಯೇ ಉಳಿಯುತ್ತದೆ.

ಇನ್ನೊಂದು ಮಾತು. ‘ನಿನ್ನೆ ಅರ್ಜಿ ಕೊಟ್ಟಿದ್ದೇನೆ’ ಒಳ್ಳೆಯ ಕನ್ನಡ. ಅದನ್ನೇ ‘ಐ ಹ್ಯಾವ್ ಗಿವನ್ ಯೆಸ್ಟರ್‌ಡೇ’ ಎಂದರೆ ಇಂಗ್ಲಿಷ್ ಒಪ್ಪುವುದಿಲ್ಲ. ನಿನ್ನೆ ಎಂದು ದಿನ ಹೇಳಿದ ಮೇಲೆ ‘ಹ್ಯಾವ್’ ಬೇಡ, ‘ಐ ಗೇವ್’ ಸಾಕು.

‘ಮೊನ್ನೆ’ಯ ವಿಷಯ ಬಂದರೆ ಕನ್ನಡಕ್ಕೇ ಹೆಚ್ಚು ಶ್ರೀಮಂತಿಕೆ. ನಿನ್ನೆ, ಮೊನ್ನೆ, ಆಚೆ ಮೊನ್ನೆ, ನಾಳೆ, ನಾಡಿದ್ದು, ಆಚೆ ನಾಡಿದ್ದು. ಇಂಗ್ಲಿಷಿನಲ್ಲೂ ಮೊನ್ನೆಗೆ ‘ಎರ್‌ಯೆಸ್ಟರ್‌ಡೇ’ ಎಂಬ ಒಂಟಿ ಪದವಿತ್ತು, ಈಗ ಯಾರೂ ಬಳಸುವುದಿಲ್ಲ. ಅದಕ್ಕೇ ‘ದ ಡೇ ಬಿಫೋರ್ ಯೆಸ್ಟರ್‌ಡೇ’ ಎಂದು ಉದ್ದಕ್ಕೆ ಹೇಳಬೇಕು. ಆದರೆ ನಮ್ಮ ಮೊನ್ನೆ ಸ್ವಲ್ಪ ಮೋಸಗಾರ. ‘ಮೊನ್ನೆ ಸಿಕ್ಕಿದ್ದ’ ಎಂದರೆ ಸರಿಯಾಗಿ ಎರಡು ದಿನದ ಹಿಂದೆಯೂ ಇರಬಹುದು, ಹತ್ತು ದಿನದ ಹಿಂದೆಯೂ ಇರಬಹುದು. ‘ಮೊನ್ನೆ ಮೊನ್ನೆ ಮದುವೆಯಾಯ್ತು’ ಎಂದವರ ಮಗು ಶಾಲೆಗೆ ಹೋಗುತ್ತಿರುತ್ತದೆ. ಆ ಅಂದಾಜಿನ ಮೊನ್ನೆಗೆ ಇಂಗ್ಲಿಷಿನಲ್ಲಿ ‘ದ ಅದರ್ ಡೇ’. ಮಾತು ಬರಹಕ್ಕೆ ಇಳಿಯುವಾಗ ಇವೆರಡೂ ಬೆರೆತರೆ ಸಾಕ್ಷಿಯ ಹೇಳಿಕೆಯೇ ಬದಲಾಗುತ್ತದೆ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇವೆ ಎಂದರೆ, 1799ರ ಕಾಗದಕ್ಕೆ ತಲೆಯ ಮೇಲೆ ತಾರೀಖಿತ್ತು, ನಮ್ಮ ಫೋನಿಗೆ ಬರುವ ಫಾರ್ವರ್ಡಿಗೆ ಇಲ್ಲ. ಮೆಸೇಜಿನ ಪಕ್ಕ ಕಾಣುವ ಸಮಯ ಅದನ್ನು ನಿಮಗೆ ಕಳಿಸಿದ ಸಮಯ, ಮೊದಲು ಬರೆದ ಸಮಯವಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಹಬ್ಬಿತ್ತು. ಜೊತೆಗೆ ಓಡಾಡಿದ ಒಂದು ವಿಡಿಯೋ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ್ದ ಹಳೆಯ ಚಿತ್ರದ ತುಂಡು. ಬೇರೆ ದೇಶದ ಬೇರೆ ವರ್ಷದ ಸಂಗತಿ ನಮ್ಮ ಪಕ್ಕದೂರಿನ ‘ಈಗಷ್ಟೇ’ ಆಗಿ ಬಂತು. ಆ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇದೇ ಅನುಮಾನದಿಂದ ಜನ ಹೊಡೆದದ್ದಕ್ಕೆ ಹೈದರಾಬಾದಿನ ಒಬ್ಬ ಯುವಕ ಸತ್ತ. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅದೇ ತಿಂಗಳು ವಾಟ್ಸ್ಆ್ಯಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿತು. ತಾರೀಖಿಲ್ಲದ ‘ಯೆಸ್ಟರ್‌ಡೇ’ ಬಂದರೆ ನಾವಂತೂ ಮೊದಲು ಕೇಳುವುದು: ಯಾರ ನಿನ್ನೆ, ಯಾವ ಊರಿನ ನಿನ್ನೆ?

ಬರೆಯುವಾಗಲೂ ಅಷ್ಟೇ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಂಥ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು ಎಂಬ ನಿಯಮವಿದೆ. ಗಂಟೆ ಎಂದಿದೆ, ದಿನ ಎಂದಿಲ್ಲ. ಸೋಮವಾರ ಸಂಜೆ ಐದಕ್ಕೆ ಆಲಿಕಲ್ಲು ಬಿದ್ದರೆ ಗುರುವಾರ ಸಂಜೆ ಐದಕ್ಕೆ ಗಡುವು ಮುಗಿಯುತ್ತದೆ. ಮಂಗಳವಾರ ಮೆಸೇಜು ಬರೆಯುವವರು ‘ಯೆಸ್ಟರ್‌ಡೇ ಈವ್ನಿಂಗ್’ ಎಂದು ಬರೆದು, ಅದು ಬೇರೆಯವರ ಕೈ ದಾಟಿ ಬುಧವಾರ ಕಂಪ್ಯೂಟರಿಗೆ ಏರಿದರೆ ಹಾನಿಯ ದಿನವೇ ಮಂಗಳವಾರ ಎಂದು ದಾಖಲಾಗಬಹುದು. ಆಮೇಲೆ ಸ್ಥಳ ಪರಿಶೀಲನೆಗೆ ಬಂದವರು ಮಳೆ ದಾಖಲೆ ತೆಗೆದು ನೋಡಿದಾಗ ಮಂಗಳವಾರ ಮಳೆಯೇ ಇರುವುದಿಲ್ಲ. ‘ಯೆಸ್ಟರ್‌ಡೇ ಈವ್ನಿಂಗ್’ ಬರೆದರೂ ಅದರ ಪಕ್ಕದಲ್ಲೇ ವಾರ, ತಾರೀಖು, ಗಂಟೆ, ಊರು ಹಾಕಿ. ಮೆಸೇಜಿನ ಕೊನೆಯಲ್ಲಿ ನೀವು ಬರೆದ ದಿನದ ತಾರೀಖನ್ನೂ ಸೇರಿಸಿ.